ಗಣಕಕ್ಕೂ ಬೇಕು ಚಕ್ಕುಬಂದಿ

ಕಪಿಲಾ ನದಿಯ ಆಸರೆಯ ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳಲ್ಲಿ ಒಂದು ಗುಂಟೆ ಗದ್ದೆಯೂ ಸಣ್ಣ ಮಾತಲ್ಲ. ಅದಕ್ಕೇ ಕ್ರಯಪತ್ರದಲ್ಲಿ ವಿಸ್ತೀರ್ಣವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯುತ್ತಾರೆ. ಜೊತೆಗೆ ಚಕ್ಕುಬಂದಿ: ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾವ ಕಾಲುವೆ. ಒಂದು ಅಂಕಿ ತಪ್ಪಿದರೂ ಮಿಕ್ಕ ವಿವರಗಳು ಸೇರಿ ಅದನ್ನು ಹಿಡಿದುಕೊಡುತ್ತವೆ.

ಈ ಶತಮಾನದ ಆರಂಭದಲ್ಲಿ ರಾಜ್ಯದ ‘ಭೂಮಿ’ ಯೋಜನೆಯಡಿ ಕೈಬರಹದ ಪಹಣಿಗಳು ಗಣಕಯಂತ್ರ ಸೇರಿದವು. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು! ಹಾಗಾದರೆ ಗಣಕದ ನೆನಪು ತಪ್ಪುವುದೇ ಇಲ್ಲವೆ?

ತಪ್ಪುತ್ತದೆ. ಗಣಕದ ಮೆಮೊರಿಯಲ್ಲಿ ಪ್ರತಿಯೊಂದು ಮಾಹಿತಿಯೂ 0 ಮತ್ತು 1 ಎಂಬ ಬಿಟ್‌ಗಳ ಸಾಲು. ಚಿಪ್ಪಿನ ಹೊದಿಕೆಯಲ್ಲಿರುವ ವಿಕಿರಣಶೀಲ ಧಾತುಗಳು ಹೊಮ್ಮಿಸುವ ಆಲ್ಫಾ ಕಣಗಳು 0ಯನ್ನು 1 ಮಾಡಬಲ್ಲವು, 1ನ್ನು 0 ಮಾಡಬಲ್ಲವು ಎಂದು ಇಂಟೆಲ್ ಕಂಪನಿಯ ತಿಮೋತಿ ಮೇ ಮತ್ತು ಮರ್ರೆ ವುಡ್ಸ್ 1978ರಲ್ಲಿ ತೋರಿಸಿದರು. ಆಕಾಶದಿಂದ ಬರುವ ವಿಶ್ವಕಿರಣಗಳಿಂದಲೂ ಹೀಗಾಗುವುದುಂಟು. ಗಣಕದ ಲಿಪಿಯಲ್ಲಿ 1 ಎಂಬ ಅಂಕಿಗೂ 5 ಎಂಬ ಅಂಕಿಗೂ ಇರುವ ವ್ಯತ್ಯಾಸ ಒಂದೇ ಬಿಟ್. ಅದೊಂದು ಮಗುಚಿದರೆ 1 ಗುಂಟೆ 5 ಗುಂಟೆ ಆದೀತು.

ಇದಕ್ಕೆ ಮದ್ದು ಮೊದಲೇ ಸಿದ್ಧವಿತ್ತು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಾರಾಂತ್ಯಕ್ಕೆ ಬಿಟ್ಟುಹೋದ ಲೆಕ್ಕವನ್ನು ಯಂತ್ರ ತಪ್ಪು ಕಂಡೊಡನೆ ಕೈಬಿಡುತ್ತಿತ್ತು. ತಪ್ಪನ್ನು ಕಾಣಬಲ್ಲ ಯಂತ್ರ ಅದನ್ನು ತಿದ್ದಿಕೊಳ್ಳಬಾರದೇಕೆ ಎಂದು ಯೋಚಿಸಿದ ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ತಮ್ಮ ವಿಧಾನವನ್ನು ಪ್ರಕಟಿಸಿದರು. ಆ ಜಾಡಿನಲ್ಲೇ ಬಂದದ್ದು ‘ಇಸಿಸಿ’ ಮೆಮೊರಿ. ಇದರಲ್ಲಿ 64 ಬಿಟ್‌ಗಳ ಜೊತೆ 8 ಕಾವಲು ಬಿಟ್‌ಗಳಿರುತ್ತವೆ. ಒಂದು ಬಿಟ್ ತಪ್ಪಿದರೆ ಯಾವುದೆಂದು ಗುರುತಿಸಿ ತಿದ್ದುತ್ತವೆ. ಎರಡು ತಪ್ಪಿದರೆ ಎಚ್ಚರಿಸುತ್ತವೆ. ಇವು ಗಣಕದ ಚಕ್ಕುಬಂದಿ.

1981ರಲ್ಲಿ ಬಂದ ಐಬಿಎಂ ಪಿಸಿಯಲ್ಲಿ 8 ಬಿಟ್‌ಗೊಂದು ‘ಪ್ಯಾರಿಟಿ’ ಬಿಟ್ ಇತ್ತು. ತಪ್ಪಾಗಿದೆ ಎಂಬುದಷ್ಟೇ ಅದಕ್ಕೆ ಗೊತ್ತಾಗುತ್ತಿತ್ತು. ಯಾವ ಬಿಟ್ ಎಂಬುದಲ್ಲ. 1990ರ ದಶಕದಲ್ಲಿ ಬೆಲೆ ತಗ್ಗಿಸುವ ಪೈಪೋಟಿಯಲ್ಲಿ ಮೇಜಿನ ಗಣಕಗಳಿಂದ ಆ ಕಾವಲೂ ಮಾಯವಾಯಿತು. ಇಸಿಸಿ ಹೆಚ್ಚಾಗಿ ಸರ್ವರ್‌ಗಳ ಪಾಲಾಯಿತು. ಈಗಿನ ಡಿಡಿಆರ್5 ಚಿಪ್ಪು ತನ್ನೊಳಗಿನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ ನಿಜ. ಆದರೆ ಚಿಪ್ಪಿನಿಂದ ಪ್ರೊಸೆಸರ್‌ಗೆ ಸಾಗುವ ದಾರಿಗೆ ಆ ಕಾವಲಿಲ್ಲ.

ಪಹಣಿ ಕೈಗೆ ಬಂದೊಡನೆ ಹಳೆಯ ಪತ್ರದೊಡನೆ ತಾಳೆ ನೋಡುವ ರೈತ ಹ್ಯಾಮಿಂಗ್ ಹೆಸರು ಕೇಳಿರಲಿಕ್ಕಿಲ್ಲ. ಒಂದೇ ಸಾಕ್ಷಿಯನ್ನು ನಂಬಿ ಕೂರಬಾರದು ಎಂಬುದಂತೂ ಇಬ್ಬರಿಗೂ ಗೊತ್ತು.