ಪುನರ್ವಸುವಿನ ಆರು ತಾರೆಗಳು: ಒಂದು ಪಾಠವಿಚಾರ

ಮಾಘಮಾಸದ ರಾತ್ರಿಯಲ್ಲಿ ಯಲಹಂಕದಿಂದ ನಡುನೆತ್ತಿಗೆ ತುಸು ಉತ್ತರಕ್ಕೆ ನೋಡಿದರೆ ಪುನರ್ವಸುವಿನ ಎರಡು ಉಜ್ಜ್ವಲ ತಾರೆಗಳು ನಗರದೀಪಗಳ ಪ್ರಭೆಯನ್ನೂ ಮೀರಿ ಗೋಚರಿಸುತ್ತವೆ. ಯಲಹಂಕಕ್ಕೂ ಶ್ರವಣಬೆಳಗೊಳಕ್ಕೂ ಅಕ್ಷಾಂಶ ಹೆಚ್ಚುಕಡಿಮೆ ಒಂದೇ, ಸುಮಾರು 13 ಅಂಶ. ಹತ್ತನೆಯ ಶತಮಾನದಲ್ಲಿ ಚಾವುಂಡರಾಯನಿಗೆ ಗುರುಸ್ಥಾನದಲ್ಲಿದ್ದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ತಮ್ಮ ‘ತ್ರಿಲೋಕಸಾರ’ದಲ್ಲಿ ಈ ನಕ್ಷತ್ರಕ್ಕೆ ಹೇಳಿದ ತಾರಾಸಂಖ್ಯೆ ಎರಡಲ್ಲ, ಆರು. ಯತಿವೃಷಭಾಚಾರ್ಯರ ‘ತಿಲೋಯಪಣ್ಣತ್ತಿ’ಯ ಗಣನೆಯೂ ಇದೇ. ಶ್ವೇತಾಂಬರ ಪರಂಪರೆಯ ‘ಸೂರ್ಯಪ್ರಜ್ಞಪ್ತಿ’ಯಲ್ಲಿಯಾದರೋ ಐದು.

ಈ ಎರಡು ತಾರೆಗಳಲ್ಲಿ ಉತ್ತರದ್ದನ್ನು ಪಾಶ್ಚಾತ್ಯರು ಕ್ಯಾಸ್ಟರ್ ಎನ್ನುತ್ತಾರೆ. ಬರಿಗಣ್ಣಿಗೆ ಒಂದಾಗಿರುವ ಇದು ದೂರದರ್ಶಕದಲ್ಲಿ ಎರಡಾಗುತ್ತದೆ. ಆ ಎರಡೂ ಒಂದನ್ನೊಂದು ಸುತ್ತುತ್ತಿವೆಯೆಂದು 1803ರಲ್ಲಿ ವಿಲಿಯಂ ಹರ್ಷೆಲ್ ಪ್ರತಿಪಾದಿಸಿದನು. ಒಂದು ಸುತ್ತಿಗೆ ನಾಲ್ಕು ಶತಮಾನಕ್ಕೂ ಹೆಚ್ಚು ಕಾಲ ಬೇಕು. ಮುಂದೆ ಬೆಳಕಿನ ವರ್ಣಪಟಲವನ್ನು ಪರೀಕ್ಷಿಸಿದಾಗ ಅವುಗಳಲ್ಲಿ ಪ್ರತಿಯೊಂದೂ ಜೋಡಿಯೆಂದು ತಿಳಿಯಿತು. ಕೆಲದಿನಗಳಲ್ಲೇ ಸುತ್ತು ಮುಗಿಸುವ ಜೋಡಿಗಳಿವು. ದೂರದಲ್ಲಿರುವ ಮಂದಪ್ರಭೆಯ ಮೂರನೆಯದೂ ಒಂದು ಜೋಡಿಯೇ. ಒಟ್ಟು ಆರು!

ಗ್ರಂಥದಲ್ಲಿ ಆರು, ಆಕಾಶದಲ್ಲಿ ಆರು. ಪೂರ್ವಾಚಾರ್ಯರು ಇದನ್ನೇ ಕಂಡು ಹೇಳಿದರೆಂದು ಬರೆಯಲು ಯಾರಿಗಾದರೂ ಕೈ ತುರಿಸುವುದು ಸಹಜ. ಆದರೆ ಈ ಸಾಮ್ಯ ಕೇವಲ ಕಾಕತಾಲೀಯ. ಅದೇ ಪಟ್ಟಿಯಲ್ಲಿ ಚಿತ್ರೆಗೆ ಒಂದೇ ತಾರೆ. ಚಿತ್ರೆಯು ನಾಲ್ಕು ದಿನಗಳಲ್ಲಿ ಪರಸ್ಪರ ಸುತ್ತುವ ಜೋಡಿಯೆಂಬುದು 1890ರಲ್ಲಿ ಸಿದ್ಧವಾಗಿದೆ. ಪುನರ್ವಸುವಿಗೆ ಒಂದು ನ್ಯಾಯ, ಚಿತ್ರೆಗೆ ಇನ್ನೊಂದು ನ್ಯಾಯ ಸಲ್ಲದು. ಅಲ್ಲದೆ ಆರು ಎಂಬುದು ಸಮಗ್ರ ನಕ್ಷತ್ರದ ಲೆಕ್ಕವೇ ಹೊರತು ಅದರೊಳಗಿನ ಒಂದು ತಾರೆಯದಲ್ಲ. ಈ ಹೋಲಿಕೆಯನ್ನು ಒಪ್ಪಿದರೆ ಎರಡನೆಯ ಉಜ್ಜ್ವಲ ತಾರೆಗೆ ಲೆಕ್ಕದಲ್ಲಿ ಸ್ಥಳವೇ ಉಳಿಯದು.

ಹಾಗೆಂದು ಆರು ಎಂಬ ಪಾಠವನ್ನು ಅಶುದ್ಧವೆಂದು ತಳ್ಳುವುದೂ ದುಡುಕು. ಗಾಹೆಯಲ್ಲಿ ಸಂಖ್ಯೆಗಳು ಶಬ್ದರೂಪದಲ್ಲಿವೆ. ಪ್ರಾಕೃತದ ‘ಛ’ಕಾರವನ್ನು ‘ಪಂಚ’ವೆಂದು ಲಿಪಿಕಾರನು ಭ್ರಮಿಸುವ ಸಂಭವ ಕಡಿಮೆ, ಆದ್ದರಿಂದ ಐದು–ಆರರ ಭೇದವು ಪರಂಪರೆಗಳ ಭೇದ, ಕೈತಪ್ಪಲ್ಲ. ಕನ್ನಡ ಓಲೆಗಳ ಟೀಕಾಭಾಗದಲ್ಲಿ ಅಂಕಿಗಳೇ ಬಂದಾಗ ಮಾತು ಬೇರೆ. ಅಲ್ಲಿ ಶಂಕಿಸಬೇಕಾದುದು ೬ ಮತ್ತು ೯ರ ಪಲ್ಲಟವನ್ನು.

ಇಂತಹ ಸಂದೇಹಕ್ಕೆ ತ್ರಿಲೋಕಸಾರವೇ ಒಂದು ಪರಿಹಾರವನ್ನಿತ್ತಿದೆ. ಪ್ರತಿ ನಕ್ಷತ್ರದ ತಾರಾಸಂಖ್ಯೆಯನ್ನು 1111ರಿಂದ ಗುಣಿಸಿದರೆ ಪರಿವಾರತಾರೆಗಳ ಸಂಖ್ಯೆ ದೊರೆಯುತ್ತದೆ: ಪುನರ್ವಸುವಿಗೆ 6666, ಚಿತ್ರೆಗೆ 1111, ನೂರಹನ್ನೊಂದು ತಾರೆಗಳ ಶತಭಿಷಕ್ಕಿಗೆ 1,23,321. ಇವು ಗುಣಾಕಾರದಿಂದ ಬಂದ ಸಂಖ್ಯೆಗಳಾದುದರಿಂದ ದೂರದರ್ಶಕದ ಜೋಡಿತಾರೆಗಳೊಡನೆ ಇವನ್ನು ಹೊಂದಿಸುವ ಯತ್ನ ವ್ಯರ್ಥ. ಸಂಪಾದಕನಿಗೆ ಮಾತ್ರ ಇವು ಬಹಳ ಉಪಯುಕ್ತ. ಟೀಕೆಯಲ್ಲಿ ಗುಣಲಬ್ಧವನ್ನು ಅಕ್ಷರದಲ್ಲಿ ಬರೆದಿರುವೆಡೆ ಅದನ್ನು 1111ರಿಂದ ಭಾಗಿಸಿ ನೋಡಿದರೆ, ಮೂಲದ ಅಂಕಿ ಆರೋ ಒಂಬತ್ತೋ ಎಂಬುದು ನಿರ್ಣಯವಾಗುತ್ತದೆ.