ಮಕ್ಕಳ ಪುಸ್ತಕ ಭಂಡಾರವೂ ಆರ್. ಕಲ್ಯಾಣಮ್ಮನವರೂ

ಪುಸ್ತಕ ಭಂಡಾರಗಳ ಚರಿತ್ರೆಯನ್ನು ಬರೆಯುವವರು ಕಟ್ಟಡಕ್ಕೆ ಹಣವಿತ್ತವರನ್ನೂ, ಕಾಯಿದೆಯನ್ನು ಮಾಡಿದವರನ್ನೂ, ಗ್ರಂಥಗಳನ್ನು ರಚಿಸಿದವರನ್ನೂ ತಪ್ಪದೆ ಹೆಸರಿಸುವರು. ಬೀರುವಿನ ಬಾಗಿಲನ್ನು ತೆರೆದು ಪುಸ್ತಕವನ್ನು ಓದುವವರ ಕೈಗಿತ್ತವರ ಹೆಸರು ಆ ಚರಿತ್ರೆಯಲ್ಲಿ ಬರುವುದು ವಿರಳ. ಓದುವವರು ಎಂಟು ಹತ್ತು ವರ್ಷದ ಬಾಲಕ ಬಾಲಿಕೆಯರಾದರಂತೂ ಆ ಉಪಕಾರದ ನೆನಪು ಅವರ ಎದೆಯಲ್ಲಲ್ಲದೆ ಬೇರೆಲ್ಲಿಯೂ ಉಳಿಯದು. ಅಂಥ ಉಪಕಾರವನ್ನು ಮಾಡಿದ ಓರ್ವ ಮಹಿಳೆಯನ್ನು ಸ್ಮರಿಸುವುದೇ ಈ ಲೇಖನದ ಉದ್ದೇಶ.

ಪುಸ್ತಕದಾನವು ಕನ್ನಡ ನಾಡಿಗೆ ಹೊಸತಲ್ಲ. ಹತ್ತನೆಯ ಶತಮಾನದ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ದಾನವಿತ್ತಳೆಂಬುದನ್ನು ಅರಿಯದವರಿಲ್ಲ. ನಮ್ಮ ಹುಣಸೂರು ಸೀಮೆಯ ಕಲ್ಲಹಳ್ಳಿಯ ಪ್ರಭುವಾಗಿದ್ದ ಮೂರನೆಯ ಮಂಗರಸನು ಹದಿನಾರನೆಯ ಶತಮಾನದ ಮೊದಲಲ್ಲಿ ಜಯನೃಪಕಾವ್ಯವನ್ನು ಬರೆದನಲ್ಲದೆ, ಪಾಕಶಾಸ್ತ್ರದ ಮೇಲೂ ಒಂದು ಗ್ರಂಥವನ್ನು ರಚಿಸಿದನು. ಆದರೆ ಆ ಓಲೆಗರಿಗಳು ಪಂಡಿತರ ಮನೆಗಳಲ್ಲಿಯೂ ಬಸದಿ ಮಠಗಳಲ್ಲಿಯೂ ಇದ್ದುವೇ ಹೊರತು ಮಕ್ಕಳ ಕೈಗೆ ಸಿಕ್ಕತಕ್ಕವಾಗಿರಲಿಲ್ಲ. ಮಕ್ಕಳ ಪಾಲಿಗೆ ಅಜ್ಜಿಯ ಬಾಯಿಯೇ ಭಂಡಾರವಾಗಿತ್ತು.

ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1914-15ರ ಸುಮಾರಿನಲ್ಲಿ, ಬೆಂಗಳೂರು ಮೈಸೂರುಗಳಲ್ಲಿ ಸಾರ್ವಜನಿಕ ಪುಸ್ತಕ ಭಂಡಾರಗಳು ನೆಲೆಗೊಂಡವು. ಅದರಿಂದ ಓದುಬಲ್ಲ ಪ್ರೌಢರಿಗೆ ಮಹೋಪಕಾರವಾಯಿತು. ಅದೇ ಕಾಲದಲ್ಲಿ ದೂರದ ದೇಶಗಳಲ್ಲಿ ಕೆಲವರು ಮಕ್ಕಳಿಗಾಗಿಯೇ ಬೇರೆ ಕೊಠಡಿಗಳನ್ನು ಏರ್ಪಡಿಸುತ್ತಲಿದ್ದರು. ನ್ಯೂಯಾರ್ಕ್ ನಗರದಲ್ಲಿ ಆನ್ ಕ್ಯಾರೊಲ್ ಮೂರ್ ಎಂಬಾಕೆಯು 1906ರಿಂದ 1941ರ ವರೆಗೆ ಈ ಕಾರ್ಯದ ಮೇಲ್ವಿಚಾರಣೆಯನ್ನು ನಡೆಸಿದಳು. ಪುಸ್ತಕವನ್ನು ಜೋಪಾನವಾಗಿ ಇಟ್ಟುಕೊಳ್ಳುವೆನೆಂದು ಮಗುವು ತನ್ನ ಕೈಯಾರೆ ಒಂದು ದಪ್ಪ ಪುಸ್ತಕದಲ್ಲಿ ಹೆಸರು ಬರೆದುಕೊಟ್ಟರೆ ಸಾಕು, ಆಕೆ ಪುಸ್ತಕವನ್ನು ಮನೆಗೆ ಕೊಟ್ಟು ಕಳುಹಿಸುತ್ತಿದ್ದಳು. ಟೊರಾಂಟೊ ನಗರದಲ್ಲಿ ಲಿಲಿಯನ್ ಸ್ಮಿತ್ ಎಂಬಾಕೆಯು 1922ರಲ್ಲಿ ಮಕ್ಕಳಿಗೆಂದೇ ಪ್ರತ್ಯೇಕ ಪುಸ್ತಕಗೃಹವನ್ನು ತೆರೆಯಿಸಿದಳು. ಈ ಇಬ್ಬರ ಕಾರ್ಯಕ್ಕೂ ಮೂಲಧನವಾದುದು ಒಂದೇ. ಅದು ಮಗುವಿನಲ್ಲಿ ಇಟ್ಟ ವಿಶ್ವಾಸ.

ನಮ್ಮ ನಾಡಿನಲ್ಲಿ ಅದೇ ವಿಶ್ವಾಸದಿಂದ ಮಕ್ಕಳನ್ನು ಬರಮಾಡಿಕೊಂಡವರು ಬೆಂಗಳೂರಿನ ಆರ್. ಕಲ್ಯಾಣಮ್ಮನವರು. ಬಾಲ್ಯದಲ್ಲಿಯೇ ವೈಧವ್ಯವು ಪ್ರಾಪ್ತವಾದ ಹೆಣ್ಣಿಗೆ ಅಂದಿನ ಸಮಾಜವು ವಿಧಿಸುತ್ತಿದ್ದ ಬಾಳು ಎಂತಹದೆಂಬುದು ವಾಚಕರಿಗೆ ತಿಳಿದೇ ಇದೆ. ಆ ಕತ್ತಲೆಯ ಕೋಣೆಯಲ್ಲಿ ಕುಳಿತಿರಲು ಅವರು ಒಪ್ಪಲಿಲ್ಲ. ವಿದ್ಯೆಯನ್ನು ಸಂಪಾದಿಸಿದರು, ಶಾರದಾ ಸ್ತ್ರೀ ಸಮಾಜವನ್ನು ಕಟ್ಟಿದರು, ‘ಸರಸ್ವತಿ’ ಎಂಬ ಮಾಸಪತ್ರಿಕೆಯನ್ನು ನಾಲ್ವತ್ತು ವರ್ಷಗಳಿಗೂ ಮೇಲ್ಪಟ್ಟು ನಡೆಸಿದರು. ನೆರವಿಗೆ ಧನಿಕರಿಲ್ಲದ ಪತ್ರಿಕೆಯೊಂದನ್ನು ಅಷ್ಟು ಕಾಲ ಉಳಿಸಿಕೊಂಡು ಬರುವುದು ಎಷ್ಟು ಕಷ್ಟವೆಂಬುದನ್ನು ಇಂತಹ ಪತ್ರಿಕೆಗಳನ್ನು ನಡೆಸುವವರೇ ಬಲ್ಲರು.

1938ರಲ್ಲಿ ಅವರು ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟವನ್ನು ಸ್ಥಾಪಿಸಿದರು. ಹೆತ್ತ ಮಕ್ಕಳಿಲ್ಲದ ಆ ತಾಯಿಯ ಸುತ್ತ ಊರ ಮಕ್ಕಳೆಲ್ಲ ನೆರೆದರು. ಗ್ರಂಥಪಾಲಕಿಯೆಂಬ ಹುದ್ದೆಯಿಂದ ಅವರು ಪ್ರಸಿದ್ಧರಾದವರಲ್ಲ. ಆದರೂ ಅವರನ್ನು ಮಕ್ಕಳ ಗ್ರಂಥಪಾಲಕರ ಪಂಕ್ತಿಯಲ್ಲಿ ಮೊದಲು ಕುಳ್ಳಿರಿಸುವುದು ಯುಕ್ತವೆಂದು ನನ್ನ ಅಭಿಪ್ರಾಯ. ಏಕೆಂದರೆ ಮಗುವು ಪುಸ್ತಕವನ್ನು ಪ್ರೀತಿಸುವುದು ಅದನ್ನು ಕೊಟ್ಟವರ ಮೇಲಣ ಪ್ರೀತಿಯಿಂದಲೇ. ಹಾಡು, ಆಟ, ಕಥೆ, ನಾಟಕ ಇವುಗಳ ನಡುವೆ ಬಂದ ಅಕ್ಷರವು ಮಗುವಿಗೆ ಗೆಳೆಯನಾಗುವುದು. ಬೆತ್ತದೊಡನೆ ಬಂದ ಅಕ್ಷರವು ಅಮಲ್ದಾರನಾಗುವುದು.

ಕಲ್ಯಾಣಮ್ಮನವರು 1965ರಲ್ಲಿ ಕಾಲವಶರಾದರು. ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯು ನಮ್ಮ ರಾಜ್ಯದಲ್ಲಿ ಆದುದೂ ಅದೇ ವರ್ಷ. ಕಾಯಿದೆಯಿಂದ ಕರವೂ ಕಟ್ಟಡವೂ ದೊರೆಯುವುವು, ಕಲ್ಯಾಣಮ್ಮನವರಂಥವರು ದೊರೆಯುವುದಿಲ್ಲ. ಪುಸ್ತಕಗಳಿರುವುದು ಬಳಸುವುದಕ್ಕಾಗಿಯೆಂದು ಆಚಾರ್ಯ ಎಸ್. ಆರ್. ರಂಗನಾಥನ್ ಅವರು 1931ರಲ್ಲಿಯೇ ಗ್ರಂಥಾಲಯಶಾಸ್ತ್ರದ ಮೊದಲನೆಯ ಸೂತ್ರವನ್ನಾಗಿ ಹೇಳಿದ್ದರು. ಕೇಳುವುದಕ್ಕೆ ಇದು ಸುಲಭವಾದ ಮಾತು. ಇದನ್ನು ಪಾಲಿಸುವುದು ಎಷ್ಟು ಕಠಿನವೆಂಬುದಕ್ಕೆ ನಾನೇ ಸಾಕ್ಷಿಯಾಗಿರುವುದರಿಂದ ಇಲ್ಲಿ ಸ್ವಂತದ ಮಾತೊಂದನ್ನು ಹೇಳಬೇಕಾಗಿದೆ.

ಪರಹಸ್ತವನ್ನು ಸೇರಿದ ಪುಸ್ತಕವು ಹೋದಂತೆಯೇ ಸರಿಯೆಂಬ ಅರ್ಥದ ಸುಭಾಷಿತವನ್ನು ಪಾಠಶಾಲೆಯಲ್ಲಿ ಕಂಠಪಾಠ ಮಾಡಿದವನು ನಾನು. ಮುಂದೆ ಹೆಗ್ಗಡದೇವನಕೋಟೆಯ ಕಡೆಯ ಒಂದು ಶಾಲೆಯಲ್ಲಿ ಉಪಾಧ್ಯಾಯನಾಗಿದ್ದಾಗ ಪುಸ್ತಕದ ಬೀರುವಿನ ಬೀಗದಕೈ ನನ್ನ ವಶದಲ್ಲಿತ್ತು. ಹೊಗೆಸೊಪ್ಪಿನ ಕೂಲಿಗೆ ಹೋಗುವವರ ಮಗಳೊಬ್ಬಳು ಒಂದು ದಿನ ಬಂದು, ಗಾಜಿನೊಳಗೆ ಕಾಣುತ್ತಿದ್ದ ಚಿತ್ರದ ಪುಸ್ತಕವೊಂದನ್ನು ಕೇಳಿದಳು. ಹರಿದರೆ ದಂಡ ತೆರುವವರಾರೆಂದು ನಾನು ಗದರಿಸಿದೆನು. “ಮನೆಗೆ ಬ್ಯಾಡ ಸಾ, ಇಲ್ಲೇ ನಿಂತ್ಕಂಡು ಓದಿ ಕೊಟ್ಬುಡ್ತೀನಿ” ಎಂದಳು. ನಾಳೆ ನೋಡೋಣವೆಂದು ಹೇಳಿ ಕಳುಹಿಸಿದೆನು. ಆ ನಾಳೆಯು ಬರಲಿಲ್ಲ. ಮರುವರ್ಷ ಅವಳು ಶಾಲೆಯನ್ನು ಬಿಟ್ಟಳು.

ನಾನು ನಿವೃತ್ತನಾಗಿ ಅಧಿಕಾರವನ್ನು ವಹಿಸಿಕೊಟ್ಟ ದಿನ ದಾಸ್ತಾನನ್ನು ಎಣಿಸಿ ನೋಡಿದರು. ಒಂದು ಪುಸ್ತಕವೂ ಕಡಮೆಯಾಗಿರಲಿಲ್ಲ. ಒಂದರ ಹಾಳೆಯೂ ಮಾಸಿರಲಿಲ್ಲ. ನೆರೆದವರು ನನ್ನನ್ನು ಪ್ರಶಂಸಿಸಿದರು. ಆ ಪ್ರಶಂಸೆಯನ್ನು ಕೇಳುತ್ತ ನಾಚಿಕೆಯಿಂದ ನನ್ನ ತಲೆ ಬಾಗಿತು. ಪುಸ್ತಕವೊಂದೂ ಹೋಗಲಿಲ್ಲವೆಂಬುದು ನಿಜ. ಹೋದವಳು ಆ ಹುಡುಗಿ. ಕೊಟ್ಟಷ್ಟೂ ಹೆಚ್ಚುವುದು ವಿದ್ಯೆಯೊಂದೇ ಎಂಬ ಇನ್ನೊಂದು ಸುಭಾಷಿತವನ್ನು ನಾನು ಮಕ್ಕಳಿಗೆ ಪಾಠ ಹೇಳಿದ್ದೆನು; ಬೀಗದಕೈಗೆ ಹೇಳಿರಲಿಲ್ಲ.

ಈಗ ಕಾಲವು ಅನುಕೂಲವಾಗಿದೆ. ಗ್ರಾಮಪಂಚಾಯತಿಯ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಯ ಆಡಳಿತಕ್ಕೆ ಸೇರಿದವು. 2020ರಲ್ಲಿ ಮೊದಲಾದ ‘ಓದುವ ಬೆಳಕು’ ಎಂಬ ಕಾರ್ಯದಲ್ಲಿ ಆರರಿಂದ ಹದಿನೆಂಟು ವರ್ಷದೊಳಗಿನ ಮಕ್ಕಳಿಗೆ ಶುಲ್ಕವಿಲ್ಲದೆ ಸದಸ್ಯತ್ವವನ್ನು ಕೊಡತಕ್ಕದ್ದೆಂದು ಏರ್ಪಾಡಾಯಿತು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಹಳ್ಳಿಯ ಮಗುವಿಗೂ, ಕಾಡಂಚಿನ ಹಾಡಿಯ ಮಗುವಿಗೂ ಇದರಲ್ಲಿ ಸಮಾನವಾದ ಹಕ್ಕಿದೆ. ಹಕ್ಕಿರುವುದು ಬೇರೆ, ಕೈಗೆ ಬರುವುದು ಬೇರೆ. ಆ ಎರಡರ ನಡುವೆ ಒಬ್ಬ ಮನುಷ್ಯರು ನಿಂತಿರಬೇಕು. ಅವರಿಗೆ ಆ ಮಗುವಿನ ಹೆಸರು ಗೊತ್ತಿರಬೇಕು.

ಆದುದರಿಂದ ವಾಚಕರಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ತಮ್ಮ ಊರಿನ ಗ್ರಂಥಾಲಯಕ್ಕೆ ತಿಂಗಳಿಗೊಮ್ಮೆಯಾದರೂ ಒಂದು ಮಗುವನ್ನು ಕೈಹಿಡಿದು ಕರೆದುಕೊಂಡು ಹೋಗಬೇಕು. ಅಲ್ಲಿ ಸ್ವಲ್ಪ ಸಂಬಳಕ್ಕೆ ಕುಳಿತು ಪುಸ್ತಕ ಕೊಡುವ ಹೆಣ್ಣುಮಗಳಿದ್ದರೆ ಆಕೆಯನ್ನು ಹೆಸರಿನಿಂದ ಮಾತನಾಡಿಸಿ ಗೌರವಿಸಬೇಕು. ಹರಿದ ಪುಸ್ತಕವನ್ನು ಕಂಡಲ್ಲಿ ಯಾರೂ ಕೋಪಗೊಳ್ಳದಿರಲಿ. ಅದನ್ನು ಒಂದು ಮಗುವು ಓದಿದೆಯೆಂದು ತಿಳಿದು ಅಂಟು ಹಚ್ಚಿ ಮತ್ತೆ ಕೊಡಲಿ. ಕಲ್ಯಾಣಮ್ಮನವರ ಸ್ಮರಣೆಗೆ ಇದಕ್ಕಿಂತ ಬೇರೆ ಸ್ಮಾರಕವು ಬೇಕಿಲ್ಲ.