ಬಿಳಿ ತೊಟ್ಟಿಯ ಕರಿ ಕಲೆ: ಒಂದು ಹುಳಿಯ ಇತಿಹಾಸ

ಮೊದಲು ನಮ್ಮ ತಪ್ಪು ಒಪ್ಪಿಕೊಂಡುಬಿಡುತ್ತೇವೆ.

ಅಣಶಿ ಹತ್ತಿರದ ಒಂದು ಹೋಂಸ್ಟೇಗೆ ವರದಿಗೆಂದು ಹೋಗಿದ್ದೆವು. ಅಲ್ಲಿ ಪ್ರವಾಸಿಗರಿಗಾಗಿ ಹಳೆಯ ಎನಾಮಲ್ ಬಾತ್‌ಟಬ್ ಒಂದನ್ನು ತಂದು ಕೂರಿಸಿದ್ದರು. ಎರಕದ ಕಬ್ಬಿಣದ್ದು, ನಾಲ್ಕು ಕಾಲಿನದು, ನಾಲ್ಕು ಜನ ಸೇರಿದರೂ ಎತ್ತಲಾಗದಷ್ಟು ಭಾರ. ನಲ್ಲಿಯ ಕೆಳಗೆ ಅಂಗೈ ಅಗಲದ ಕಂದು ಕಲೆ, ನಡುವೆ ಕಪ್ಪು ಗೆರೆ. ಸ್ವಚ್ಛ ಮಾಡುವ ಹೆಂಗಸು ಎಷ್ಟು ಉಜ್ಜಿದರೂ ಹೋಗಲಿಲ್ಲ. 'ಬ್ಲೀಚಿಂಗ್ ಪೌಡರ್ ಹಾಕಿ ನೋಡಿ' ಎಂದವರು ನಾವೇ. ಹಾಕಿದರು. ಕಲೆ ಇನ್ನಷ್ಟು ಕಪ್ಪಾಯಿತು. ಸಿಟ್ಟಿಗೆ ಬಂದ ಅವರು ಮೂಲೆಯಲ್ಲಿದ್ದ ಆಸಿಡ್ ಬಾಟಲಿ ತೆಗೆದು ಅದರ ಮೇಲೇ ಸುರಿದರು. ಅರೆ ನಿಮಿಷದಲ್ಲಿ ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ ಅಂಗಳಕ್ಕೆ ಓಡಿ ಬಂದರು.

ಹೊರಗಿನ ಗಾಳಿಯಲ್ಲಿ ಕೂತು ಸುಧಾರಿಸಿಕೊಂಡರು, ಪುಣ್ಯ. ಆದರೆ ಅಂದಿನಿಂದ ಒಂದು ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಆ ಕಲೆ ಯಾವುದು? ಆ ಗಾಳಿ ಯಾವುದು? ಹುಡುಕುತ್ತ ಹೋದರೆ ಇನ್ನೂರೈವತ್ತು ವರ್ಷ ಹಿಂದಕ್ಕೆ ಹೋಗಬೇಕಾಯಿತು.

ತಾಮ್ರದ ಹಂಡೆಯ ಕಾಲ

ನಮ್ಮ ಬಚ್ಚಲಿನಲ್ಲಿ ಮೊದಲು ತೊಟ್ಟಿ ಇರಲಿಲ್ಲ. ಹಾಸುಗಲ್ಲು, ಒಲೆ, ಅದರ ಮೇಲೆ ತಾಮ್ರದ ಹಂಡೆ, ಒಂದು ಚೊಂಬು. ಅಬ್ಬಿ ನೀರು ದಬ್ಬೆಯಲ್ಲಿ ಹರಿದು ಬಂದು ಬೀಳುತ್ತಿತ್ತು. ಹಬ್ಬ ಬಂತೆಂದರೆ ಹಂಡೆ ತಿಕ್ಕುವುದೇ ಒಂದು ಕೆಲಸ. ಹುಣಸೆ ಹಣ್ಣೋ ಮುರುಗಲ ಸಿಪ್ಪೆಯೋ ಬಿಂಬಲಕಾಯಿಯೋ, ಜೊತೆಗೆ ಒಲೆಯ ಬೂದಿ. ಹುಳಿ ತಾಗಿದ ತಕ್ಷಣ ಹಸಿರು ಕಿಲುಬು ಹೋಗಿ ಕೆಂಪು ಹೊಳಪು ಬರುತ್ತಿತ್ತು.

ತಾಮ್ರಕ್ಕೆ ಇದು ಸರಿ. ತಿಕ್ಕಿದಾಗ ಮೇಲಿನ ತೆಳು ಪದರ ಹೋಗುತ್ತದೆ, ಕೆಳಗೂ ತಾಮ್ರವೇ ಇರುತ್ತದೆ. 'ಉಜ್ಜಿದಷ್ಟೂ ಹೊಳಪು' ಎಂಬ ಮಾತು ನಮ್ಮ ಕೈಗೆ ಅಂಟಿದ್ದು ಹೀಗೆ. ಎನಾಮಲ್ ತೊಟ್ಟಿಯ ಮುಂದೆ ನಾವು ಸೋಲುವುದೂ ಇದೇ ಅಭ್ಯಾಸದಿಂದ.

ದನದ ಬಾನಿಯಿಂದ ಬಾತ್‌ಟಬ್

ಎನಾಮಲ್ ಎಂದರೆ ಬಣ್ಣವಲ್ಲ, ಗಾಜು. ಗಾಜಿನ ಪುಡಿಯನ್ನು ಕಬ್ಬಿಣದ ಮೇಲೆ ಹರಡಿ ಸುಮಾರು 800 ಡಿಗ್ರಿ ಶಾಖದಲ್ಲಿ ಕರಗಿಸಿದರೆ ಅದು ಕಬ್ಬಿಣವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ನಮ್ಮ ಮನೆಗಳ ಹಳೆಯ ಬಿಳಿ ತಟ್ಟೆ, ನೀಲಿ ಅಂಚಿನ ಲೋಟ ಎಲ್ಲ ಇದೇ ಜಾತಿ.

ಬಾತ್‌ಟಬ್ಬಿನ ಕಥೆಯಲ್ಲಿ ಹಳ್ಳಿಯವರು ಖುಷಿಪಡುವ ಒಂದು ಸಂಗತಿ ಇದೆ. 1883ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜಾನ್ ಮೈಕೆಲ್ ಕೊಹ್ಲರ್ ಎಂಬಾತ, ಕುದುರೆಗಳಿಗೆ ನೀರು ಕುಡಿಸಲು, ಹಂದಿ ಸುಲಿಯುವಾಗ ಬಿಸಿನೀರು ತುಂಬಲು ರೈತರು ಬಳಸುತ್ತಿದ್ದ ಕಬ್ಬಿಣದ ಬಾನಿಗೆ ಎನಾಮಲ್ ಹಚ್ಚಿದ. ನಾಲ್ಕು ಕಾಲು ಕೂರಿಸಿದರೆ ಇದೇ ಸ್ನಾನದ ತೊಟ್ಟಿಯಾಗುತ್ತದೆ ಎಂದು ಮಾರಿದ. ಇಂದು ದೊಡ್ಡ ಹೋಟೆಲುಗಳಲ್ಲಿ ಕಾಣುವ ಬಾತ್‌ಟಬ್ಬಿನ ವಂಶದಲ್ಲಿ ಒಬ್ಬ ಅಜ್ಜ ಕೊಟ್ಟಿಗೆಯವನು!

ಗಾಜಿನ ಗುಣವೇನು? ಗೀರು ಬಿದ್ದರೆ ಮತ್ತೆ ಕೂಡುವುದಿಲ್ಲ. ಇಟ್ಟಿಗೆ ಪುಡಿ, ಮರಳು, ತಂತಿ ಜುಂಗು ಹಾಕಿ ತಿಕ್ಕಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳು ಬೀಳುತ್ತವೆ, ಮುಂದಿನ ಕಲೆ ಅವುಗಳೊಳಗೇ ಹೋಗಿ ಕೂರುತ್ತದೆ. ಬಲವಾದ ಆಸಿಡ್ ಈ ಗಾಜಿನ ಹೊಳಪನ್ನೇ ತಿನ್ನುತ್ತದೆ. ಹಳೆಯ ಕಾಲದ ಎನಾಮಲ್ ಅಂತೂ ಹುಳಿಗೆ ಬಹಳ ಸೂಕ್ಷ್ಮ. ಹೊಳಪು ಹೋದ ತೊಟ್ಟಿಗೆ ಕಲೆ ಮೊದಲಿಗಿಂತ ಬೇಗ ಹಿಡಿಯುತ್ತದೆ.

ಕಲೆ ನಮ್ಮ ನೆಲದ್ದೇ

ಅಣಶಿ, ಜೋಯಿಡಾ ಕಡೆಯ ಕೆಂಪು ಮಣ್ಣಿನಲ್ಲಿ ಕಬ್ಬಿಣವಿದೆ. ಚಿರೆಕಲ್ಲು ಕೆಂಪಾಗಿರುವುದೇ ಅದರಿಂದ. ಹಳೆಯ ಸೂಪಾ ಭಾಗದಲ್ಲಿ ಮ್ಯಾಂಗನೀಸ್ ಗಣಿಗಳಿದ್ದವು, ದಾಂಡೇಲಿಯಲ್ಲಿ ಫೆರೋ ಮ್ಯಾಂಗನೀಸ್ ಕಾರ್ಖಾನೆ ಇತ್ತು. ಹಿರಿಯರನ್ನು ಕೇಳಿ, ನೆನಪಿಸಿಕೊಳ್ಳುತ್ತಾರೆ.

ನೆಲದ ಆಳದ ನೀರಿಗೆ ಗಾಳಿ ತಾಗಿರುವುದಿಲ್ಲ. ಹಾಗಾಗಿ ಅದರಲ್ಲಿ ಕಬ್ಬಿಣ, ಮ್ಯಾಂಗನೀಸ್ ಕರಗಿದ್ದರೂ ನೀರು ತಿಳಿಯಾಗಿಯೇ ಕಾಣುತ್ತದೆ. ಬೋರ್‌ವೆಲ್ಲಿನಿಂದ ಮೇಲೆ ಬಂದು ಗಾಳಿ ತಾಗಿದಾಗ ಕಬ್ಬಿಣ ಕೆಂಗಂದಾಗಿ, ಮ್ಯಾಂಗನೀಸ್ ಕಪ್ಪಾಗಿ ಕೂರುತ್ತವೆ. ನಲ್ಲಿ ತೊಟ್ಟಿಕ್ಕುವ ಜಾಗದಲ್ಲಿ ಹನಿ ಹನಿಯಾಗಿ ಇದೇ ಪದರಗಟ್ಟುತ್ತದೆ.

ಬ್ಲೀಚಿಂಗ್ ಪೌಡರ್ ಹಾಕಿದಾಗ ಕಲೆ ಏಕೆ ಕಪ್ಪಾಯಿತು ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಗಾಳಿ ನಿಧಾನಕ್ಕೆ ಮಾಡುವ ಕೆಲಸವನ್ನು ಬ್ಲೀಚ್ ಕ್ಷಣದಲ್ಲಿ ಮಾಡುತ್ತದೆ. ಬಟ್ಟೆಯ ಮೇಲಿನ ಚಹಾ ಕಲೆಯನ್ನು ಅದು ತೆಗೆಯುತ್ತದೆ, ಆದರೆ ಕಬ್ಬಿಣ, ಮ್ಯಾಂಗನೀಸಿನ ಕಲೆಯನ್ನು ಇನ್ನೂ ಗಟ್ಟಿ ಮಾಡುತ್ತದೆ.

ಶೀಲೆ ಎಂಬ ಔಷಧಿ ಅಂಗಡಿಯವ

ಇನ್ನು ಆ ಗಾಳಿ. ಸ್ವೀಡನ್ ದೇಶದಲ್ಲಿ ಕಾರ್ಲ್ ವಿಲ್ಹೆಲ್ಮ್ ಶೀಲೆ ಎಂಬ ಔಷಧಿ ತಯಾರಕನಿದ್ದ. 1774ರಲ್ಲಿ ಆತ ಮ್ಯಾಂಗನೀಸಿನ ಕಪ್ಪು ಕಲ್ಲಿಗೆ ಮ್ಯೂರಿಯಾಟಿಕ್ ಆಸಿಡ್ ಸೇರಿಸಿ ಕಾಯಿಸಿದ. ಹಳದಿ ಹಸಿರು ಗಾಳಿ ಎದ್ದಿತು. ಉಸಿರು ಕಟ್ಟಿಸಿತು, ಎಲೆ ಹೂಗಳ ಬಣ್ಣ ತೆಗೆಯಿತು. ಅದೇ ಕ್ಲೋರಿನ್.

ಅದರ ಬಿಳುಪಿಸುವ ಗುಣವನ್ನು ಫ್ರಾನ್ಸಿನ ಬರ್ತೊಲೆ 1785ರ ಹೊತ್ತಿಗೆ ಬಟ್ಟೆಗೆ ಬಳಸಿದ. 1799ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಟೆನಂಟ್ ಕ್ಲೋರಿನ್ ಅನ್ನು ಸುಣ್ಣದಲ್ಲಿ ಹಿಡಿದಿಟ್ಟು ಪುಡಿ ಮಾಡಿ ಪೇಟೆಂಟ್ ಪಡೆದ. ನಮ್ಮ ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಇದೇ. ಸುಣ್ಣ ಹಿಡಿದಿಟ್ಟ ಆ ಗಾಳಿಯನ್ನು ಆಸಿಡ್ ಮತ್ತೆ ಬಿಡಿಸುತ್ತದೆ. ಅಣಶಿಯ ಬಚ್ಚಲಿನಲ್ಲಿ ಆದದ್ದು ಇಷ್ಟೇ.

ಆಸಿಡ್ ಅಗ್ಗವಾದದ್ದಕ್ಕೂ ಒಂದು ಕಾರಣವಿದೆ. ಇಂಗ್ಲೆಂಡಿನ ಸೋಡಾ ಕಾರ್ಖಾನೆಗಳು ಅದರ ಹೊಗೆಯನ್ನು ಆಕಾಶಕ್ಕೆ ಬಿಡುತ್ತಿದ್ದವು, ಸುತ್ತಲ ಬೆಳೆ, ಮರ ಸುಟ್ಟು ಹೋಗುತ್ತಿದ್ದವು. ದೂರು ಹೆಚ್ಚಿ 1863ರಲ್ಲಿ ಕಾಯ್ದೆ ಬಂತು: ಶೇ. 95ರಷ್ಟು ಹೊಗೆಯನ್ನು ಹಿಡಿಯಲೇಬೇಕು. ಹೊಗೆಯನ್ನು ನೀರಿಗೆ ಇಳಿಸಿದರೆ ಆಸಿಡ್ ತಾನೇ ತಾನಾಗಿ ರಾಶಿ ಬಿತ್ತು. ಬೆಳೆ ಸುಟ್ಟ ಹೊಗೆ ಬಾಟಲಿಯೊಳಗೆ ಬಂತು.

ನಮ್ಮ ದೇಶದಲ್ಲಿ ಆ ಬಾಟಲಿಯಿಂದ ಹೆಣ್ಣುಮಕ್ಕಳ ಮುಖಗಳೂ ಸುಟ್ಟವು. 2013ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆಸಿಡ್ ಮಾರಾಟಕ್ಕೆ ಕಡಿವಾಣ ಹಾಕಿತು: ಕೊಳ್ಳುವವರ ಗುರುತಿನ ಚೀಟಿ ನೋಡಬೇಕು, ರಿಜಿಸ್ಟರಿನಲ್ಲಿ ಬರೆಯಬೇಕು, 18 ವರ್ಷದೊಳಗಿನವರಿಗೆ ಕೊಡಬಾರದು. ನಿಮ್ಮೂರ ಅಂಗಡಿಯಲ್ಲಿ ಹೀಗೆ ನಡೆಯುತ್ತಿದೆಯೇ, ಒಮ್ಮೆ ನೋಡಿ.

ಅದೇ ಶೀಲೆ, ಬೇರೆ ಹುಳಿ

ಕಥೆ ಇಲ್ಲಿಗೇ ಮುಗಿಯುವುದಿಲ್ಲ. ಉಸಿರು ಕಟ್ಟಿಸುವ ಗಾಳಿ ಹುಡುಕಿದ ಶೀಲೆಯೇ 1784ರಲ್ಲಿ ನಿಂಬೆರಸದಿಂದ ಸಿಟ್ರಿಕ್ ಆಮ್ಲವನ್ನು ಹರಳಾಗಿ ಬೇರ್ಪಡಿಸಿದ. ಆಕ್ಸಾಲಿಕ್ ಆಮ್ಲದ ಮೇಲೂ ಕೆಲಸ ಮಾಡಿದ. ಕಬ್ಬಿಣದ ಕಲೆಯನ್ನು ಕರಗಿಸುವುದು, ಮ್ಯಾಂಗನೀಸಿನ ಕಪ್ಪನ್ನು ಮತ್ತೆ ನೀರಿಗಿಳಿಸುವುದು ಇಂಥ ಹುಳಿಗಳೇ. ಆಕ್ಸಾಲಿಕ್ ಆಮ್ಲ ಹೇರಳವಾಗಿರುವ ಕಾಯಿ ಯಾವುದು ಗೊತ್ತೇ? ನಮ್ಮ ಹಿತ್ತಲಿನ ಬಿಂಬಲ. ಅಜ್ಜಿ ಹಂಡೆಗೆ ಹಚ್ಚುತ್ತಿದ್ದ ಅದೇ ಬಿಂಬಲ!

ಶೀಲೆ 1786ರಲ್ಲಿ, 43ನೇ ವಯಸ್ಸಿಗೇ ತೀರಿಕೊಂಡ. ಮಾಡಿದ ರಾಸಾಯನಿಕಗಳನ್ನೆಲ್ಲ ಮೂಸಿ, ನಾಲಿಗೆಗೆ ಹಚ್ಚಿ ನೋಡುವ ಅಭ್ಯಾಸ ಅವನಿಗಿತ್ತು.

ಹಾಗಾದರೆ ತೆಗೆಯುವುದು ಹೇಗೆ?

ನಾವು ಮತ್ತೆ ಅಣಶಿಗೆ ಹೋಗಿ, ಅದೇ ಹೆಂಗಸಿನ ಜೊತೆ ಕೂತು ಮಾಡಿದ್ದು ಇದು. ಮೊದಲು ತೊಟ್ಟಿಗೆ ಹಲವು ಕೊಡ ನೀರು ಸುರಿದು ಹಳೆಯ ಬ್ಲೀಚು, ಆಸಿಡ್ ಏನೂ ಉಳಿಯದಂತೆ ತೊಳೆದೆವು. ಕಣ್ಣಿಗೆ ಬೀಳದ ಮೂಲೆಯಲ್ಲಿ ಬಿಂಬಲದ ರಸ ಹಚ್ಚಿ ಐದು ನಿಮಿಷ ಬಿಟ್ಟು ನೋಡಿದೆವು. ಹೊಳಪು ಮಂಕಾಗಲಿಲ್ಲ. ಮಂಕಾಗಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದೆವು. ಆಮೇಲೆ ರಸದಲ್ಲಿ ಅದ್ದಿದ ಬಟ್ಟೆಯನ್ನು ಕಲೆಯ ಮೇಲೆ ಹತ್ತು ನಿಮಿಷ ಹಾಸಿ, ಮೆತ್ತಗಿನ ಬಟ್ಟೆಯಿಂದ ಒರೆಸಿ, ಚೆನ್ನಾಗಿ ತೊಳೆದೆವು. ಕೊನೆಗೆ ಸ್ವಲ್ಪ ಅಡುಗೆ ಸೋಡಾ ಬೆರೆಸಿದ ನೀರು, ಹುಳಿ ಉಳಿಯದಿರಲೆಂದು. ಒಂದೇ ದಿನಕ್ಕೆ ಹೋಗುವುದಿಲ್ಲ, ರಾತ್ರಿಯಿಡೀ ಹಚ್ಚಿಡಲೂ ಬಾರದು. ಮೂರು ನಾಲ್ಕು ದಿನ ಹೀಗೇ ಮಾಡಬೇಕು. ಬಿಂಬಲ ಇಲ್ಲದ ಕಾಲಕ್ಕೆ ನಿಂಬೆ ಸಾಕು. ಅಂಗಡಿಯ ಆಕ್ಸಾಲಿಕ್ ಪುಡಿ ಮಾತ್ರ ಹೊಟ್ಟೆಗೆ ಹೋದರೆ ವಿಷ, ಮಕ್ಕಳ ಕೈಗೆ ಸಿಗಬಾರದು.

ಎನಾಮಲ್ ಚಕ್ಕೆ ಎದ್ದು ಕಬ್ಬಿಣ ಹೊರಬಿದ್ದಿದ್ದರೆ ಅದು ಕಲೆಯಲ್ಲ, ತುಕ್ಕು. ಯಾವ ಹುಳಿಗೂ ಶಾಶ್ವತವಾಗಿ ಹೋಗದು. ಮುಖ್ಯವಾಗಿ ಸೋರುವ ನಲ್ಲಿಗೆ ಹೊಸ ವಾಷರ್ ಹಾಕಿಸಿ. ಬೋರ್ ನೀರನ್ನು ತೆರೆದ ಟ್ಯಾಂಕಿನಲ್ಲಿ ಒಂದು ರಾತ್ರಿ ಬಿಟ್ಟು ಮೇಲಿನ ತಿಳಿ ಬಳಸಿದರೂ ಕೆಂಪು ಕಡಿಮೆಯಾಗುತ್ತದೆ.

ಅಣಶಿಯ ಆ ತೊಟ್ಟಿಯಲ್ಲಿ ಈಗಲೂ ತೆಳು ನೆರಳು ಉಳಿದಿದೆ. ಆಸಿಡ್ ಬಿದ್ದ ಜಾಗದ ಹೊಳಪು ಮರಳಿ ಬರಲಿಲ್ಲ. ಮಾಲೀಕರು 'ಇನ್ನೂ ಬೆಳ್ಳಗಾಗಬೇಕಿತ್ತು' ಎಂದರು. ಆ ಹೆಂಗಸು, 'ಅಷ್ಟು ಬೆಳ್ಳಗೆ ಬೇಕಾದರೆ ನೀವೇ ಒಳಗೆ ಹೋಗಿ ಆಸಿಡ್ ಹಾಕಿ' ಎಂದುಬಿಟ್ಟರು. ಮಾಲೀಕರು ಮಾತು ಬದಲಿಸಿದರು.

ಇವತ್ತು ನಿಮ್ಮ ಬಚ್ಚಲಿಗೆ ಹೋದಾಗ ಒಮ್ಮೆ ಮೂಲೆ ನೋಡಿ. ಬ್ಲೀಚಿಂಗ್ ಪೌಡರ್ ಡಬ್ಬಿ, ಆಸಿಡ್ ಬಾಟಲಿ ಅಕ್ಕಪಕ್ಕ ಇದ್ದರೆ ಒಂದನ್ನು ಈಗಲೇ ಬೇರೆ ಕಡೆ ಎತ್ತಿಡಿ.